ಹೆಸರಿಲ್ಲದ ಫೋಟೋ ಯಾರ ಮನೆಯದು?

“ಎಲ್ಲಾ ಮೊಬೈಲ್‌ನ್ಯಾಗ ಅದಾವ ಬಿಡ್ರಿ, ಎಲ್ಲಿ ಹೋಗ್ತಾವ?” ಇಂಡಿಯಿಂದ ಮುದ್ದೇಬಿಹಾಳದವರೆಗೆ, ಸಿಂದಗಿಯಿಂದ ಬಸವನ ಬಾಗೇವಾಡಿಯವರೆಗೆ ಯಾವ ಮನೆಯಲ್ಲಿ ಹಳೆಯ ಫೋಟೋ ಕೇಳಿದರೂ ಸಿಗುವ ಉತ್ತರ ಇದು. ಓದಿದವರು ಇದನ್ನೇ ಇನ್ನಷ್ಟು ಧೈರ್ಯದಿಂದ ಹೇಳುತ್ತಾರೆ. ಎಲ್ಲಾ ಗೂಗಲ್‌ಗೆ ಹೋಗಿ ಕುಂತಿವೆ, ಬೇಕಾದಾಗ ಹೆಸರು ಹೊಡೆದರೆ ಬರುತ್ತವೆ, ಆರಿಸಿ ಅಳಿಸಿ ಹೊಂದಿಸುವ ಉಸಾಬರಿ ಯಾರಿಗೆ ಬೇಕು, ಜಾಗ ಸಾಲದಿದ್ದರೆ ತಿಂಗಳಿಗಿಷ್ಟು ಕಟ್ಟಿದರಾಯಿತು. ಈ ನಂಬಿಕೆ ಎಷ್ಟು ಬೇರೂರಿದೆಯೆಂದರೆ ಅದನ್ನು ಪ್ರಶ್ನಿಸುವವರನ್ನು ಕಾಲಕ್ಕಿಂತ ಹಿಂದುಳಿದವರೆಂದು ನೋಡುತ್ತಾರೆ. ಆದರೂ ನಾನು ಪ್ರಶ್ನಿಸುತ್ತೇನೆ. ಎಲ್ಲವನ್ನೂ ಇಟ್ಟುಕೊಂಡ ಮಾತ್ರಕ್ಕೆ ಏನನ್ನೂ ಉಳಿಸಿದಂತಾಗುವುದಿಲ್ಲ. ಆರಿಸದೆ, ಹೆಸರು ಬರೆಯದೆ ಬಿಟ್ಟ ಫೋಟೋ ಫೋನಿನಲ್ಲಿ ಇರುವಾಗಲೇ ಕಳೆದುಹೋಗಿರುತ್ತದೆ. ನಮ್ಮ ವಿಜಯಪುರ ಜಿಲ್ಲೆಯಲ್ಲಿ ಅದಕ್ಕೆ ನಾವು ತೆರುತ್ತಿರುವ ಬೆಲೆ ಬೇರೆ ಕಡೆಗಿಂತ ದೊಡ್ಡದು.

ಕಾರಣ ಕೃಷ್ಣೆಯ ದಂಡೆಯಲ್ಲಿದೆ. ಆಲಮಟ್ಟಿ ಅಣೆಕಟ್ಟೆಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ. ಇಂದು ಅಲ್ಲಿ 519.60 ಮೀಟರ್ ಮಟ್ಟದವರೆಗೆ ನೀರು ನಿಲ್ಲುತ್ತದೆ. ಹಳೆಯ ಬಸವನ ಬಾಗೇವಾಡಿ ತಾಲ್ಲೂಕಿನ ದಂಡೆಯ ಊರುಗಳು ಆ ನೀರಿನಡಿ ಸೇರಿದವು. ಮೊಸರಿಗೆ ಹೆಸರಾದ ಕೊಲ್ಹಾರ ತನ್ನ ಮೂಲ ಜಾಗ ಬಿಟ್ಟು ಮೇಲಕ್ಕೆ ಬಂತು. ಮುದ್ದೇಬಿಹಾಳ ತಾಲ್ಲೂಕಿನ ಕೆಳಭಾಗಕ್ಕೆ ನಾರಾಯಣಪುರದ ಬಸವಸಾಗರದ ಹಿನ್ನೀರು ಬಂತು. ಎರಡೂ ಜಲಾಶಯ ಸೇರಿ ನೂರಕ್ಕೂ ಹೆಚ್ಚು ಹಳ್ಳಿಗಳು ಪುನರ್ವಸತಿ ಕೇಂದ್ರಗಳಾದವು, ಸಾಲು ಹಿಡಿದ ಪ್ಲಾಟುಗಳಾದವು. ಬೇರೆ ಊರಿನವರು ಹಳೆಯ ಫೋಟೋ ಕಳೆದುಕೊಂಡರೆ ಊರಿಗೇ ಹೋಗಿ ಆ ಅಗಸಿ, ಆ ಕಟ್ಟೆ ನೋಡಿ ಬರಬಹುದು. ಹಿನ್ನೀರಿನಿಂದ ಎದ್ದು ಬಂದವರಿಗೆ ಆ ದಾರಿ ಇಲ್ಲ. ಅವರ ಊರು ಈಗ ಇರುವುದು ಹಿರಿಯರ ನೆನಪಿನಲ್ಲಿ ಮತ್ತು ಫೋಟೋಗಳಲ್ಲಿ.

ಆ ಫೋಟೋಗಳೂ ಊರನ್ನು ತೋರಿಸಲೆಂದು ತೆಗೆದವಲ್ಲ. ಅಗಸಿಯ ಫೋಟೋ ತೆಗೆಯಲು ಯಾರು ದುಡ್ಡು ಕೊಟ್ಟಾರು? ಆಗ ಒಂದು ರೋಲಿನಲ್ಲಿ ಬರುತ್ತಿದ್ದದ್ದು 36 ಚಿತ್ರ. ಮದುವೆ, ಕುಬಸ, ಜಾವಳ, ಹೊಸ ಟ್ರ್ಯಾಕ್ಟರಿನ ಪೂಜೆ, ಇಷ್ಟಕ್ಕೆ ರೋಲು ಮುಗಿಯುತ್ತಿತ್ತು. ಊರು ಅವುಗಳ ಹಿನ್ನೆಲೆಯಲ್ಲಿ ಸಿಕ್ಕಿಬಿದ್ದಿದೆ. ಇಂಥದೊಂದು ಚಿತ್ರ ನನ್ನ ಮುಂದಿದೆ. ಬಾಸಿಂಗ ಕಟ್ಟಿದ ಮದುಮಗ ನಿಂತಿದ್ದಾನೆ, ಬಿಸಿಲಿಗೆ ಕಣ್ಣು ಕಿರಿದಾಗಿವೆ. ಅವನ ಬಲಕ್ಕೆ ಹಲಗೆ ಹಿಡಿದವರಿಬ್ಬರು. ಹಿಂದೆ ಮಣ್ಣಿನ ಗೋಡೆಯ ಒಂದು ಮಗ್ಗುಲು ಜರಿದು ಒಳಗಿನ ಕಲ್ಲು ಕಾಣುತ್ತಿದೆ. ಗೋಡೆಯಾಚೆ ಬೇವಿನ ಮರ, ಮರದ ಕೆಳಗೆ ಕಟ್ಟೆ, ಕಟ್ಟೆಯ ಮೇಲೆ ಪಟಕ ಸುತ್ತಿದ ನಾಲ್ಕಾರು ಹಿರಿಯರು. ಆ ಮರ, ಆ ಕಟ್ಟೆ ಈಗ ಹಿನ್ನೀರಿನ ತಳದಲ್ಲಿವೆ. ಈ ಚಿತ್ರ ನನಗೆ ಬಂದದ್ದು ವಾಟ್ಸ್ಆ್ಯಪ್ ಗುಂಪೊಂದರಿಂದ. ಯಾರೋ ಆಲ್ಬಂ ಬಿಚ್ಚಿ, ಟ್ಯೂಬ್‌ಲೈಟಿನ ಕೆಳಗೆ ಹಿಡಿದು, ಫೋನಿನಿಂದ ಫೋಟೋದ ಫೋಟೋ ತೆಗೆದಿದ್ದಾರೆ. ಮದುಮಗನ ಎದೆಯ ಮೇಲೆ ಟ್ಯೂಬಿನ ಬಿಳಿ ಗೆರೆ ಹೊಳೆಯುತ್ತಿದೆ. ಫೋನು ಅದಕ್ಕೆ ಕೊಟ್ಟ ತಾರೀಖು ಮೂರು ದಶಕ ಮುಂದಿನದು. ಹೆಸರು, ಐಎಂಜಿ ಎಂದು ಶುರುವಾಗಿ ನಡುವೆ ಡಬ್ಲ್ಯೂಎ ಬರುವ ಒಂದು ಅಂಕಿಸಾಲು. ಗುಂಪಿನಲ್ಲಿ ಕೈಮುಗಿದ ಗುರುತುಗಳು ಬಂದವು, ಹೃದಯಗಳು ಬಂದವು. ಕಟ್ಟೆಯ ಮೇಲೆ ಕುಳಿತವರು ಯಾರು ಎಂದು ಕೇಳಿದವರೂ ಇಲ್ಲ, ಹೇಳಿದವರೂ ಇಲ್ಲ. ಮೂಲ ಫೋಟೋದ ಹಿಂಬದಿಯಲ್ಲಿ ಸ್ಟುಡಿಯೋದ ಸಿಕ್ಕಾ ಇದ್ದಿರಬೇಕು, ಬಹುಶಃ ಇಸವಿಯೂ ಇದ್ದಿತು. ಅದನ್ನು ಯಾರೂ ತಿರುವಿ ಹಾಕಲಿಲ್ಲ. ಡಿಜಿಟಲ್ ಮಾಡಿದ್ದೇವೆ ಎಂಬ ಸಮಾಧಾನದಲ್ಲಿ ಆ ಮನೆಯವರು ಆಲ್ಬಂ ಬಿಸಾಡಿದ್ದಾರೆ.

ಇದನ್ನು ಉಳಿಸಿದ್ದು ಎಂದು ಕರೆಯಲು ನಾನು ತಯಾರಿಲ್ಲ.

ಯಂತ್ರ ಹುಡುಕಿ ಕೊಡುತ್ತದೆ ಎನ್ನುತ್ತಾರೆ. ಕೊಡುತ್ತದೆ, ಸುಳ್ಳಲ್ಲ. 2015ರಲ್ಲಿ ಗೂಗಲ್ ಫೋಟೋಸ್ ಬಂದ ಮೇಲೆ ಎತ್ತು ಎಂದರೆ ಎತ್ತು, ಮದುವೆ ಎಂದರೆ ಮದುವೆ ಎದುರಿಗೆ ಬಂದು ನಿಲ್ಲುತ್ತವೆ. ಒಂದು ಮುಖ ತೋರಿಸಿದರೆ ಅದೇ ಮುಖದ ನೂರಾರು ಚಿತ್ರ ಸಾಲಾಗಿ ಬರುತ್ತವೆ. ಆದರೆ ಆ ಮುಖ ಸೋದರಮಾವನದೋ ದೊಡ್ಡಪ್ಪನದೋ ಅದಕ್ಕೆ ಗೊತ್ತಿಲ್ಲ. ಆ ಎತ್ತಿನ ಜೋಡಿಯನ್ನು ಯಾವ ಬರಗಾಲದಲ್ಲಿ ಮಾರಬೇಕಾಯಿತು, ಮಾರಿದ ದಿನ ಮನೆಯಲ್ಲಿ ಒಲೆ ಹೊತ್ತಲಿಲ್ಲ ಎಂಬುದು ಗೊತ್ತಿಲ್ಲ. ಜಾಗದ ಲೆಕ್ಕವೂ ಅಷ್ಟೇ. ಫೋನು ಜಿಪಿಎಸ್ ಹಿಡಿದು ಊರ ಹೆಸರು ಬರೆದುಕೊಳ್ಳುವುದು ಇತ್ತೀಚಿನ ಚಿತ್ರಗಳಿಗೆ ಮಾತ್ರ. ಹಳೆಯ ಕೊಲ್ಹಾರದ ಚಿತ್ರಕ್ಕೆ ನೀವೇ ಜಾಗ ಗುರುತಿಸಲು ಹೋದರೆ ನಕಾಶೆಯಲ್ಲಿ ಬೆರಳಿಗೆ ಸಿಗುವುದು ನೀಲಿ ಬಣ್ಣ. ಕಲಿಸದ ಹೊರತು ಯಂತ್ರ ಹೇಳಲಾರದು. ಕಲಿಸಬೇಕಾದ ವಿದ್ಯೆ ಇರುವುದು ಎಪ್ಪತ್ತು ದಾಟಿದವರ ತಲೆಯಲ್ಲಿ. ಊರು ಮುಳುಗಿದಾಗ ನಡುವಯಸ್ಸಿನಲ್ಲಿದ್ದ ಹೆಣ್ಣುಮಕ್ಕಳಿಗೆ ಯಾವ ಮನೆಯ ಬಾಗಿಲು ಯಾವ ದಿಕ್ಕಿಗಿತ್ತು ಎಂಬುದು ಇಂದಿಗೂ ಗೊತ್ತು. ಇನ್ನು ಹತ್ತು ವರ್ಷ ಬಿಟ್ಟು ಯಾವ ಕಂಪನಿಗೆ ಎಷ್ಟು ದುಡ್ಡು ಕಟ್ಟಿದರೂ ಅದು ಸಿಗುವುದಿಲ್ಲ.

ಹೆಸರು ಬರೆಯುವುದು ದೊಡ್ಡವರ ಕಟ್ಟಡಗಳಿಗಷ್ಟೇ ಎಂಬ ರೂಢಿ ಹಳೆಯದು. 1850ರ ದಶಕದಲ್ಲಿ ಮುಂಬಯಿ ಸರ್ಕಾರ ಬಿಗ್ಸ್ ಎಂಬ ಸೇನಾಧಿಕಾರಿಯನ್ನು ವಿಜಯಪುರದ ಕಟ್ಟಡಗಳ ಫೋಟೋ ತೆಗೆಯಲು ನೇಮಿಸಿತು. 1866ರಲ್ಲಿ ಮೆಡೋಸ್ ಟೇಲರ್ ಮತ್ತು ಫರ್ಗ್ಯುಸನ್ ಅವರ ಬರಹದೊಂದಿಗೆ ವಿಜಯಪುರದ ವಾಸ್ತುವಿನ ಫೋಟೋಗಳ ಪುಸ್ತಕ ಲಂಡನ್ನಿನಲ್ಲಿ ಬಂತು. ಪ್ರತಿ ಚಿತ್ರಕ್ಕೂ ಶೀರ್ಷಿಕೆ ಇದ್ದುದರಿಂದಲೇ ಒಂದೂವರೆ ಶತಮಾನದ ಹಿಂದೆ ಯಾವ ಗುಮ್ಮಟ ಯಾವ ಸ್ಥಿತಿಯಲ್ಲಿತ್ತು ಎಂದು ಇಂದು ನಾವು ಖಚಿತವಾಗಿ ಹೇಳಬಲ್ಲೆವು. ಆ ಕಾಲದ ಇಂಥ ಚಿತ್ರಗಳಲ್ಲಿ ಕಟ್ಟಡದ ಅಳತೆ ತಿಳಿಯಲೆಂದು ಅಲ್ಲಲ್ಲಿ ಜನರನ್ನು ನಿಲ್ಲಿಸುತ್ತಿದ್ದರು. ಕಲ್ಲಿಗೆ ಹೆಸರು ಬರೆದವರು ಆ ಜನರ ಹೆಸರು ಬರೆಯಲಿಲ್ಲ. ಅವರು ನಮ್ಮವರು. ಆಗ ಬರೆಯುವ ಲೆಕ್ಕಣಿಕೆ ನಮ್ಮ ಕೈಯಲ್ಲಿರಲಿಲ್ಲ. ಈಗ ಇದೆ, ಮತ್ತು ನಾವೂ ಬರೆಯುತ್ತಿಲ್ಲ.

ಬರೆದರೆ ಎಲ್ಲಿ ಬರೆಯಬೇಕು ಎಂಬುದಕ್ಕೆ ಈ ಮಣ್ಣಿನಲ್ಲೇ ಒಂದು ದೊಡ್ಡ ನಿದರ್ಶನವಿದೆ. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ವಚನದ ತಾಡೋಲೆ ಕೂಡಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ ಹೊರಬಂತು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರುವಾಯಿತು. ಅವರಿಗೆ ಸಿಕ್ಕ ಕಟ್ಟುಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಗರಿಗಳು ಕಲೆಸಿದ್ದವು, ಒಂದೇ ವಚನ ಹಲವು ಕಡೆ ಹಲವು ಪಾಠದಲ್ಲಿತ್ತು. ಆದರೂ ಯಾವ ವಚನ ಯಾರದು ಎಂದು ಬಿಡಿಸಲು ಸಾಧ್ಯವಾಯಿತು. ಪ್ರತಿ ವಚನದ ಒಳಗೇ ಅಂಕಿತವಿತ್ತು. ಕಟ್ಟು ಹರಿಯಲಿ, ಓಲೆ ಬೇರೆ ಮಠಕ್ಕೆ ಹೋಗಲಿ, ಕೂಡಲಸಂಗಮದೇವ ಎಂಬ ಅಂಕಿತ ಬಸವಣ್ಣನ ವಚನದ ಜೊತೆಗೇ ಹೋಗುತ್ತಿತ್ತು. ಅದೇ ಕೆಲಸವನ್ನು ಮುಂದಕ್ಕೆ ಒಯ್ದವರು ಸಿಂದಗಿ ತಾಲ್ಲೂಕಿನಲ್ಲಿ ಹುಟ್ಟಿದ ಎಂ. ಎಂ. ಕಲಬುರ್ಗಿ. ಅವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಾಹಿತ್ಯ 15 ಸಂಪುಟಗಳಲ್ಲಿ ಬಂತು. ಕೂಡಿಸುವುದು, ಹೋಲಿಸುವುದು, ಬೇಡದ್ದನ್ನು ಬಿಡುವುದು, ಯಾರದೆಂದು ಬರೆಯುವುದು: ಈ ನಾಲ್ಕು ಕೆಲಸ ನಡೆಯದಿದ್ದರೆ ತಾಡೋಲೆಗಳು ಜಂತಿಗೆ ಕಟ್ಟಿದಲ್ಲೇ ಗೆದ್ದಲಿಗೆ ಹೋಗುತ್ತಿದ್ದವು. ಅಂಥ ಸಂಪಾದಕರಲ್ಲಿ ಒಬ್ಬರು ದುಡಿದ, ಇನ್ನೊಬ್ಬರು ಹುಟ್ಟಿದ ಜಿಲ್ಲೆಯಲ್ಲಿ ನಾವು ‘ಇದ್ದರೆ ಸಾಕು, ಹೊಂದಿಸುವುದು ಯಾಕೆ’ ಎನ್ನುತ್ತಿದ್ದೇವೆ.

ಫೋಟೋಕ್ಕೂ ಅಂಕಿತ ಹಾಕಬಹುದು, ಅದೂ ಒಳಗೇ. ಡಿಜಿಟಲ್ ಚಿತ್ರದ ಕಡತದಲ್ಲಿ ಬಣ್ಣದ ಲೆಕ್ಕದ ಜೊತೆಗೆ ಬರಹಕ್ಕೂ ಜಾಗವಿದೆ. ತೆಗೆದ ದಿನ, ವೇಳೆ, ಕ್ಯಾಮೆರಾ, ಜಾಗ ಇವುಗಳನ್ನು ಯಂತ್ರವೇ ತುಂಬುತ್ತದೆ. ಅದನ್ನು ಎಕ್ಸಿಫ್ ಎನ್ನುತ್ತಾರೆ. ಪತ್ರಿಕೆಗಳವರು ರೂಪಿಸಿಕೊಂಡ ಐಪಿಟಿಸಿ ಎಂಬ ಇನ್ನೊಂದು ಜಾಗದಲ್ಲಿ ಶೀರ್ಷಿಕೆ, ವಿವರ, ಹೆಸರುಗಳನ್ನು ನಾವು ತುಂಬಬಹುದು. ಕಂಪ್ಯೂಟರಿನಲ್ಲಿ ಡಿಜಿಕ್ಯಾಮ್ ಎಂಬ ಉಚಿತ ತಂತ್ರಾಂಶ ಈ ಕೆಲಸ ಮಾಡುತ್ತದೆ, ಕನ್ನಡದಲ್ಲೇ ಬರೆದುಕೊಳ್ಳುತ್ತದೆ. ಗೂಗಲ್ ಫೋಟೋಸ್‌ನಲ್ಲಿ ನೀವು ಬರೆಯುವ ವಿವರ ಹಾಗಲ್ಲ. ಅದು ಅವರ ದಫ್ತರದಲ್ಲಿ ಉಳಿಯುತ್ತದೆ, ಚಿತ್ರದ ಒಳಗೆ ಇಳಿಯುವುದಿಲ್ಲ. ನಾಳೆ ಎಲ್ಲವನ್ನೂ ಇಳಿಸಿಕೊಂಡರೆ ವಿವರಗಳು ಬೇರೆ ಕಡತಗಳಲ್ಲಿ ಪಕ್ಕಕ್ಕೆ ಬಂದು ಬೀಳುತ್ತವೆ. ಹತ್ತು ವರ್ಷ ಶ್ರದ್ಧೆಯಿಂದ ಹೆಸರು ಬರೆದವರೂ ಆಗ ಹೆಸರಿಲ್ಲದ ಚಿತ್ರಗಳ ರಾಶಿ ಎದುರಿಸುತ್ತಾರೆ. ಆದ್ದರಿಂದ ಕಡತದ ಒಳಗೆ ಬರೆಯಿರಿ, ಕಡತದ ಹೆಸರಿನಲ್ಲೂ ಬರೆಯಿರಿ: ಇಸವಿ, ಊರು, ಸಂದರ್ಭ, ಎಡದಿಂದ ಬಲಕ್ಕೆ ಯಾರ್‍ಯಾರು. ಸ್ಟುಡಿಯೋದವರಿಂದ ಬರೆಸುವುದಾದರೆ ಯೂನಿಕೋಡ್‌ನಲ್ಲೇ ಬರೆಯಲು ಹೇಳಿ. ಹಳೆಯ ಡಿಟಿಪಿ ಅಕ್ಷರದಲ್ಲಿ ಹೊಡೆದದ್ದು ಬೇರೆ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗುತ್ತದೆ. ಇಸವಿ ಖಚಿತವಿಲ್ಲದಿದ್ದರೆ ‘1978ರ ಸುಮಾರು, ಮುತ್ಯಾನ ಹೇಳಿಕೆ’ ಎಂದು ಬರೆದರೂ ಸಾಕು. ಸ್ಕ್ಯಾನ್ ಮಾಡಿದ ದಿನವನ್ನೇ ಹುಟ್ಟಿದ ದಿನ ಎಂದು ಫೋನು ನಂಬಿಕೊಂಡಿರುತ್ತದೆ, ಅದನ್ನು ತಿದ್ದಬೇಕು.

ಜಾಗ ಅಗ್ಗವಾಗಿದೆ, ಅಳಿಸುವುದು ಯಾಕೆ ಎನ್ನುವವರಿಗೆ ಒಂದು ಲೆಕ್ಕ ಒಪ್ಪಿಸುತ್ತೇನೆ. ಮನೆಯ ಮೂರ್‍ನಾಲ್ಕು ಫೋನುಗಳು ಸೇರಿ ದಿನಕ್ಕೆ 30 ಚಿತ್ರ ಎಂದಿಟ್ಟುಕೊಳ್ಳಿ. ವರ್ಷಕ್ಕೆ 10,950. ಹತ್ತು ವರ್ಷಕ್ಕೆ 1,09,500. ಒಂದೊಂದನ್ನು ಐದೈದು ಸೆಕೆಂಡ್ ನೋಡಿದರೂ 152 ತಾಸು ಬೇಕು. ನಿಮ್ಮ ಮೊಮ್ಮಗಳು ಅಷ್ಟು ಹೊತ್ತು ಕುಳಿತು, ಉಪ್ಪಿಟ್ಟಿನ ತಟ್ಟೆ, ಬ್ಯಾಂಕ್ ಪಾಸ್‌ಬುಕ್, ಉತಾರದ ನಕಲು, ಗೊಬ್ಬರದ ಪಾವತಿ, ಶುಭೋದಯದ ಗುಲಾಬಿ ದಾಟಿ ದಾಟಿ ನಿಮ್ಮ ಮುಖ ಹುಡುಕುತ್ತಾಳೆಯೇ? ವರ್ಷಕ್ಕೆ 200 ಆರಿಸಿದರೆ ಹತ್ತು ವರ್ಷಕ್ಕೆ 2,000. ಮೂರು ತಾಸಿನೊಳಗೆ ಮುಗಿಯುತ್ತದೆ, ಒಂದು ಮಧ್ಯಾಹ್ನದ ಮಾತು. ಜಾಗದ ಬೆಲೆ ಇಳಿದಿದೆ ನಿಜ, ನೋಡುವವರ ಆಯುಷ್ಯ ಹೆಚ್ಚಿಲ್ಲ.

ಆರಿಸುವುದು ನಮಗೆ ಬರುವುದಿಲ್ಲ ಎಂಬುದೂ ಸುಳ್ಳು. ಮದುವೆ ಮುಗಿದ ಮೇಲೆ ಫೋಟೋಗ್ರಾಫರ್ ಪೆನ್‌ಡ್ರೈವ್ ತಂದು ಕೊಟ್ಟು “ಆಲ್ಬಂಗೆ ಬೇಕಾದವ್ ಆರಿಸಿ ಕೊಡ್ರಿ” ಎನ್ನುತ್ತಾರಲ್ಲ, ಆ ದಿನ ಇಡೀ ಮನೆ ಕೂತು ಸಾವಿರಾರು ಚಿತ್ರಗಳಿಂದ ಕರಿಜ್ಮಾ ಆಲ್ಬಮ್ಮಿಗೆ ಬೇಕಾದಷ್ಟನ್ನು ತೆಗೆಯುತ್ತದೆ. ಅತ್ತೆ ಬಂದಿಲ್ಲ, ಇದರಲ್ಲಿ ಕಾಕಾ ಕಣ್ಣು ಮುಚ್ಚಿದ್ದಾನೆ, ಬೀಗರ ಕಡೆಯವರದು ಇನ್ನೊಂದು ಹಾಕಿ ಎಂದು ಚರ್ಚೆ ನಡೆಯುತ್ತದೆ. ಅದಕ್ಕಿಂತ ಒಳ್ಳೆಯ ಸಂಪಾದಕ ಮಂಡಳಿ ಎಲ್ಲಿದೆ? ಆ ಕೌಶಲವನ್ನು ವರ್ಷಕ್ಕೊಮ್ಮೆ ಮನೆಯ ಫೋನುಗಳಿಗೂ ಹಚ್ಚಬೇಕು. ಉಳಿದ ಸಾವಿರಾರು ಚಿತ್ರ ಆ ಪೆನ್‌ಡ್ರೈವಿನಲ್ಲೇ ಭದ್ರ ಎಂದುಕೊಳ್ಳಬೇಡಿ. ವರ್ಷಗಟ್ಟಲೆ ಕಪಾಟಿನಲ್ಲಿ ಬಿದ್ದರೆ ಪೆನ್‌ಡ್ರೈವ್ ತನ್ನೊಳಗಿನದನ್ನು ಮರೆಯುತ್ತದೆ. ಸ್ಟುಡಿಯೋದವರ ಡಿಸ್ಕು ಮುಂದಿನ ಹಂಗಾಮಿನ ಮದುವೆಗಳಿಗೆ ಖಾಲಿಯಾಗಲೇಬೇಕು, ಅದು ಅವರ ಹೊಟ್ಟೆಪಾಡು.

ಹಾಗೆಂದು ಯಂತ್ರಕ್ಕೆ ಅಳಿಸಲು ಬಿಡುವುದು ಇನ್ನೂ ದೊಡ್ಡ ಅನಾಹುತ. ಫೋನಿನ ಜಾಗ ತುಂಬಿದಾಗ ಅದು ತಾನೇ ಸಲಹೆ ಕೊಡುತ್ತದೆ: ಇವು ಒಂದೇ ತರದವು, ಇವು ಮಸುಕಾಗಿವೆ, ತೆಗೆದುಹಾಕಲೇ? ನಮ್ಮಲ್ಲಿ ಹೆಚ್ಚಿನವರು ಹೂಂ ಎನ್ನುತ್ತಾರೆ. ಎಳ್ಳಮವಾಸಿಯನ್ನು ನೆನೆಯಿರಿ. ಪ್ರತಿ ವರ್ಷ ಅದೇ ಹೊಲ, ಅದೇ ಬನ್ನಿಗಿಡ, ಚರಗ ಚೆಲ್ಲುವ ಅದೇ ಮನೆಯವರು, ಸಜ್ಜಿ ರೊಟ್ಟಿ, ಭಜ್ಜಿಯ ಬುತ್ತಿ. ಯಂತ್ರಕ್ಕೆ ಅವು ಒಂದೇ ತರದವು. ಅದೇ ಚಿತ್ರಗಳನ್ನು ಇಸವಿವಾರು ಜೋಡಿಸಿ ನೋಡಿ. ಮೊದಲ ಕೆಲವು ವರ್ಷ ಜನರ ಹಿಂದೆ ಎದೆಯೆತ್ತರದ ಬಿಳಿಜೋಳ. ಆಮೇಲೆ ತೊಗರಿ. ಏತ ನೀರಾವರಿಯ ಕಾಲುವೆ ಬಂದ ಕಡೆ ಕಬ್ಬು. ಇಂಡಿಯ ಕಡೆಯಾದರೆ ನಿಂಬೆಯ ಸಾಲು. ನಡುವೆ ಒಂದು ವರ್ಷ ಹಿಂದೆ ಬರೀ ಬಿರಿದ ಎರೆಮಣ್ಣು. ಒಂದು ಹೊಲದ ಒಕ್ಕಲುತನದ ಚರಿತ್ರೆ ಅದು, ಯಾವ ದಫ್ತರದಲ್ಲೂ ಇಷ್ಟು ಸ್ಪಷ್ಟವಾಗಿ ಸಿಗದು. ಮಸುಕಾದ ಚಿತ್ರದ ಮಾತೂ ಹೀಗೆಯೇ. ಕ್ಯಾಮೆರಾ ಕಂಡರೆ ಸೆರಗು ಮುಂದೆ ಮಾಡಿ ಬಿಗಿದುಕೊಳ್ಳುವ ಹೆಣ್ಣುಮಗಳು ತನ್ನ ಪಾಡಿಗೆ ತಾನು ನಕ್ಕ ಒಂದೇ ಚಿತ್ರ ಮಸುಕಾಗಿದ್ದರೆ ಅದನ್ನು ಅಳಿಸುವವರ ತಿಳಿವಳಿಕೆಗೆ ಏನು ಹೇಳಬೇಕು? ಆರಿಸುವಾಗ ಮುಖದ ಅಂದವನ್ನೇ ನೋಡಬೇಡಿ, ಹಿಂದೆ ಏನಿದೆ ನೋಡಿ. ಬಚ್ಚಲ ಗೋಡೆ, ಹಳೆಯ ಬಸ್ಸು, ಕಿರಾಣಿ ಅಂಗಡಿಯ ಬೋರ್ಡು, ಹಗೇವಿನ ಬಾಯಿ, ಇವು ಇದ್ದ ಚಿತ್ರಕ್ಕೆ ಒಂದು ಗುಂಜಿ ತೂಕ ಹೆಚ್ಚು.

ಅಳಿಸಲು ಮನಸ್ಸು ಬಾರದಿರುವುದು ನನಗೆ ಅರ್ಥವಾಗುತ್ತದೆ. ತೀರಿಹೋದವರ ಚಿತ್ರ ಅಳಿಸುವುದು ಅಪಶಕುನ ಎಂದು ಹಿರಿಯರು ಕೈ ಹಿಡಿಯುತ್ತಾರೆ. ಅವರ ಮಾತು ಮೀರಬೇಕಿಲ್ಲ. ತೀರಿಹೋದವರದು ಒಂದೂ ಅಳಿಸಬೇಡಿ. ಅಳಿಸಲು ಬೇಕಾದಷ್ಟು ಬೇರೆ ಇದೆ: ಗುಂಪುಗಳಿಂದ ಬಂದ ಶುಭಾಶಯ, ಒಂದೇ ಕ್ಷಣದ ಹನ್ನೆರಡು ಪ್ರತಿ, ಸ್ಕ್ರೀನ್‌ಶಾಟು, ಒಂದೇ ಚಿತ್ರದ ಮೂರು ಹಿಗ್ಗಿ ಕುಗ್ಗಿದ ನಕಲು.

ಇನ್ನು ತಿದ್ದುವ ವಿಷಯ. ಇದರಲ್ಲಿ ನನಗೆ ಸಿಟ್ಟೇ ಬರುತ್ತದೆ. ಓರೆಯಾದದ್ದನ್ನು ನೇರ ಮಾಡುವುದು, ಕತ್ತಲನ್ನು ತುಸು ತಿಳಿ ಮಾಡುವುದು, ಹಳೆಯ ಫೋಟೋದ ಧೂಳಿನ ಚುಕ್ಕೆ ತೆಗೆಯುವುದು ಮೊದಲಿನಿಂದಲೂ ಇದ್ದ ಕೆಲಸ. ಈಗ ನಡೆಯುತ್ತಿರುವುದು ಬೇರೆ. ಮುತ್ಯಾನ ಮಾಸಿದ ಪಾಸ್‌ಪೋರ್ಟ್ ಅಳತೆಯ ಚಿತ್ರವನ್ನು ಕೃತಕ ಬುದ್ಧಿಮತ್ತೆಗೆ ಕೊಟ್ಟು ದೊಡ್ಡದು ಮಾಡಿಸುತ್ತಾರೆ. ಮೂಲದಲ್ಲಿ ಇಲ್ಲದ ಹುಬ್ಬಿನ ಕೂದಲು, ಕಣ್ಣಿನ ಹೊಳಪು, ಚರ್ಮದ ಗೆರೆ ಎಲ್ಲಿಂದ ಬಂದವು? ಯಂತ್ರ ಬೇರೆ ಲಕ್ಷಾಂತರ ಮುಖಗಳಿಂದ ಕಲಿತದ್ದನ್ನು ತಂದು ತುಂಬಿದೆ. ಗೋಡೆಗೆ ಬಂದದ್ದು ಮುತ್ಯಾನನ್ನು ಹೋಲುವ ಇನ್ನಾರೋ. ಕಪ್ಪು ಬಿಳುಪಿನ ಚಿತ್ರಕ್ಕೆ ಬಣ್ಣ ತುಂಬಿದಾಗ ಆಯಿಯ ಇಳಕಲ್ ಸೀರೆಯ ಕೆಂಪು ಸೆರಗಿಗೆ ನೀಲಿ ಬರುತ್ತದೆ, ಮನೆಯ ಸಣ್ಣವರು ಅದನ್ನೇ ನಿಜವೆಂದು ನಂಬಿ ಬೆಳೆಯುತ್ತಾರೆ. ಫೋನಿನ ಸೌಂದರ್ಯದ ಫಿಲ್ಟರು ಬಿಸಿಲಲ್ಲಿ ದುಡಿದ ಮುಖಗಳನ್ನೆಲ್ಲ ಬೆಳ್ಳಗೆ ಮಾಡಿ ನುಣ್ಣಗೆ ಒರೆಸುತ್ತದೆ. ನಮ್ಮ ಮೈಬಣ್ಣ ತಪ್ಪು ಎಂದು ಅದಕ್ಕೆ ಕಲಿಸಿದವರಿಗೆ ನಾವು ಪ್ರತಿ ಜಾತ್ರೆಯಲ್ಲೂ ಒಪ್ಪಿಗೆ ಕೊಡುತ್ತಿದ್ದೇವೆ. ಹಿಂದೆ ನಿಂತ ಅಪರಿಚಿತರನ್ನು, ವಿದ್ಯುತ್ ಕಂಬವನ್ನು ಬೆರಳು ಸವರಿ ಅಳಿಸುವ ಸೌಲಭ್ಯ 2021ರಲ್ಲಿ ಗೂಗಲ್ಲಿನ ಫೋನುಗಳಲ್ಲಿ ಬಂದದ್ದು ಈಗ ಎಲ್ಲರ ಕೈಗೆ ಬಂದಿದೆ. ಹಿನ್ನೀರಿನಲ್ಲಿ ಮುಳುಗಿದ ಊರು ನಮಗೆ ಉಳಿದದ್ದೇ ಇಂಥ ಬೇಡದ ಹಿನ್ನೆಲೆಯಲ್ಲಿ. ಆ ಮದುವೆಯ ಚಿತ್ರ ಈ ಕಾಲದ್ದಾಗಿದ್ದರೆ ಕಟ್ಟೆಯ ಮೇಲಿನ ಹಿರಿಯರನ್ನು ಯಾರೋ ಅಂದ ಕೆಡಿಸುತ್ತಾರೆಂದು ಸವರಿ ಹಾಕುತ್ತಿದ್ದರು.

ಚೌಕಟ್ಟಿಗೆ ಬೇಕಾದದ್ದು ಮಾಡಿಸಿಕೊಳ್ಳಿ. ಮೂಲವನ್ನು ಮಾತ್ರ ಮುಟ್ಟಬೇಡಿ. ತಿದ್ದಿದ ಪ್ರತಿ ಬೇರೆ ಇರಲಿ, ಅದರ ಹೆಸರಿನಲ್ಲೇ ‘ತಿದ್ದಿದ್ದು’ ಎಂದಿರಲಿ.

ಗೂಗಲ್‌ನಲ್ಲಿ ಇದ್ದರೆ ಭದ್ರ ಎನ್ನುವವರ ಕೈಯಲ್ಲಿ ಒಂದು ಗಟ್ಟಿ ವಾದವಿದೆ, ಅದನ್ನು ಒಪ್ಪುತ್ತೇನೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಇಂಡಿ, ಸಿಂದಗಿ ತಾಲ್ಲೂಕುಗಳ ದಂಡೆಯ ಹಳ್ಳಿಗಳಿಗೆ ನುಗ್ಗಿದಾಗ ನೀರು ಕಂಡ ಟ್ರಂಕಿನ ಆಲ್ಬಂ ಉಂಡೆಯಾಗಿ ಅಂಟಿಕೊಂಡಿತು. ದೂರದ ಯಂತ್ರದಲ್ಲಿದ್ದ ಪ್ರತಿಗೆ ಏನೂ ಆಗಲಿಲ್ಲ. ಮನೆಯ ಹೊರಗೆ ಒಂದು ಪ್ರತಿ ಇರಲೇಬೇಕು. ಆದರೆ ಒಂದೇ ಪ್ರತಿ ಅಲ್ಲಿರುವುದು ಭದ್ರತೆಯಲ್ಲ. 2021ರ ಜೂನ್ 1ರಿಂದ ಗೂಗಲ್ ಫೋಟೋಸ್‌ನ ಉಚಿತ ಜಾಗಕ್ಕೆ ಮಿತಿ ಬಂತು. ಮೇಲ್, ಡ್ರೈವ್, ಫೋಟೋ ಎಲ್ಲ ಸೇರಿ 15 ಜಿಬಿ. ತುಂಬಿದ ದಿನ ಹೊಸ ಚಿತ್ರಗಳು ಮೇಲೆ ಹೋಗುವುದು ನಿಲ್ಲುತ್ತದೆ. ಫೋನು ಸೂಚನೆ ಕೊಡುತ್ತದೆ, ನಾವು ಸರಿಸಿ ಹಾಕುತ್ತೇವೆ, ಹೋಗುತ್ತಿವೆ ಎಂದೇ ನಂಬಿರುತ್ತೇವೆ. ಎರಡು ವರ್ಷ ಮುಟ್ಟದ ಖಾತೆಯನ್ನು ಅಳಿಸುವ ನಿಯಮವನ್ನೂ ಕಂಪನಿ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ಮನೆಯ ಯಜಮಾನ ತೀರಿಕೊಂಡರೆ ಏನಾಗುತ್ತದೆ? ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಸಿಮ್ಮಿಗೆ ಯಾರೂ ಕರೆನ್ಸಿ ಹಾಕಿಸುವುದಿಲ್ಲ, ಕೆಲವು ತಿಂಗಳಲ್ಲಿ ನಂಬರು ಬೇರೆಯವರ ಪಾಲಾಗುತ್ತದೆ, ಒಟಿಪಿ ಅವರಿಗೆ ಹೋಗುತ್ತದೆ. ಕಾಲ ಕಳೆದಂತೆ ಖಾತೆಯ ಬಾಗಿಲು ಮುಚ್ಚುತ್ತದೆ. ತನ್ನ ನಂತರ ಖಾತೆಯಲ್ಲಿರುವುದು ಯಾರಿಗೆ ಸಿಗಬೇಕೆಂದು ಬರೆದಿಡುವ ಸೌಲಭ್ಯವನ್ನು ಗೂಗಲ್ಲೇ ಕೊಟ್ಟಿದೆ. ಹೊಲದ ವಾರಸಾ ಬರೆಸಿದವರು ಇದನ್ನೂ ಬರೆಸಿರಬೇಕು.

ಒಂದು ತಪ್ಪು ತಿಳಿವಳಿಕೆ ನಮ್ಮ ಕಡೆ ಬಹಳ ಮನೆ ಕೆಡಿಸಿದೆ. ಗೂಗಲ್‌ನಲ್ಲಿ ಪ್ರತಿ ಇದೆ ಎಂದು ಫೋಟೋಸ್ ಆ್ಯಪಿನಿಂದಲೇ ಚಿತ್ರ ಅಳಿಸಿ ಫೋನಿನ ಜಾಗ ಮಾಡಿಕೊಳ್ಳುತ್ತಾರೆ. ಅಲ್ಲಿ ಅಳಿಸಿದರೆ ಎರಡೂ ಕಡೆ ಹೋಗುತ್ತದೆ. 60 ದಿನ ಕಸದ ಬುಟ್ಟಿಯಲ್ಲಿದ್ದು ಆಮೇಲೆ ಇಲ್ಲವಾಗುತ್ತದೆ. ಫೋನಿನದಷ್ಟೇ ತೆಗೆಯಲು ‘ಫ್ರೀ ಅಪ್ ಸ್ಪೇಸ್’ ಎಂಬ ಬೇರೆ ಗುಂಡಿ ಇದೆ.

ಪುಣೆಗೆ, ಗೋವೆಗೆ, ಬೆಂಗಳೂರಿಗೆ ದುಡಿಯಲು ಹೋದವರ ಮನೆಗಳಲ್ಲಿ ವಾಟ್ಸ್ಆ್ಯಪ್ ಗುಂಪೇ ಆಲ್ಬಂ. ಕೊಂಡಿ ಕಡಿಯದಂತೆ ಅದು ಕಾದಿದೆ, ಅದಕ್ಕೆ ನಾನು ಋಣಿ. ಆಲ್ಬಂ ಆಗಲು ಮಾತ್ರ ಅದು ಲಾಯಕ್ಕಲ್ಲ. 4,000 ಚುಕ್ಕೆ ಅಗಲದ ಚಿತ್ರ ಸಾದಾ ರೀತಿಯಲ್ಲಿ ಕಳಿಸಿದರೆ 1,600ರ ಸುಮಾರಿಗೆ ಇಳಿಯುತ್ತದೆ, ತೆಗೆದ ದಿನ ಮತ್ತು ಜಾಗದ ದಾಖಲೆ ಪೂರಾ ಉದುರಿಹೋಗುತ್ತದೆ. ನೀವು ಒಳಗೆ ಬರೆದ ಅಂಕಿತವೂ ಹೋಗುತ್ತದೆ. ಅದೇ ಚಿತ್ರವನ್ನು ‘ಡಾಕ್ಯುಮೆಂಟ್’ ಎಂದು ಆರಿಸಿ ಕಳಿಸಿದರೆ ಹೇಗಿದೆಯೋ ಹಾಗೇ ಮುಟ್ಟುತ್ತದೆ. ಇಷ್ಟು ಸಣ್ಣ ಸಂಗತಿಯನ್ನು ಹೇಳಿಕೊಡದೆ ಜನರ ಕೈಗೆ ಫೋನು ಕೊಟ್ಟವರ ಮೇಲೂ ನನಗೆ ದೂರಿದೆ. ಈ ಗುಂಪುಗಳು ಏನನ್ನು ಸುತ್ತಿಸುತ್ತವೆ, ಏನನ್ನು ಬಿಡುತ್ತವೆ ಎಂಬುದಕ್ಕೂ ಒಂದು ಉದಾಹರಣೆ ಇದೆ. 2023ರ ಜನವರಿ 2ರಂದು ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಲಿಂಗೈಕ್ಯರಾದಾಗ ಈ ತಾಲ್ಲೂಕುಗಳ ಒಂದೊಂದು ಫೋನಿಗೂ ಅವರ ಅದೇ ಹತ್ತಿಪ್ಪತ್ತು ಚಿತ್ರಗಳು ಮತ್ತೆಮತ್ತೆ ಬಂದವು. ಅವರು ಊರೂರಿಗೆ ಬಂದು ತಿಂಗಳುಗಟ್ಟಲೆ ಪ್ರವಚನ ಹೇಳಿದವರು. ನಮ್ಮೂರಿಗೆ ಬಂದದ್ದು ಯಾವ ವರ್ಷ, ಪೆಂಡಾಲು ಎಲ್ಲಿ ಹಾಕಿತ್ತು, ಮುಂದಿನ ಸಾಲಿನಲ್ಲಿ ಕುಳಿತು ಕೇಳಿದವರು ಯಾರು? ಆ ಚಿತ್ರಗಳು ಕೆಲವರ ಹಳೆಯ ಮೆಮೊರಿ ಕಾರ್ಡುಗಳಲ್ಲಿವೆ. ಅವನ್ನು ಕೇಳಿದವರಿಲ್ಲ.

“ಇಷ್ಟೆಲ್ಲಾ ಮಾಡಿದರ ಯಾರ್ ನೋಡ್ತಾರ್ರಿ?” ಎಂಬುದು ಕೊನೆಯ ಮಾತು, ಸೋತವರ ಮಾತು. ಪುನರ್ವಸತಿ ಕೇಂದ್ರದಲ್ಲಿ ಹುಟ್ಟಿದ ಮಕ್ಕಳು ನೋಡುತ್ತಾರೆ. ಅವರ ಆಧಾರ್ ಕಾರ್ಡಿನಲ್ಲಿರುವ ಊರಿನ ಹೆಸರು ನೀರಿನಡಿಯ ಊರಿನದು, ಆ ಊರು ಹೇಗಿತ್ತೆಂದು ಅವರಿಗೆ ಯಾರೂ ತೋರಿಸಿಲ್ಲ. ಇದನ್ನು ಸರ್ಕಾರ ಮಾಡಲಿ ಎಂದು ಕಾಯಬೇಕಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯದ ಕಂಪ್ಯೂಟರ್ ಸಾಕು, ಎರಡು ಹಾರ್ಡ್‌ಡಿಸ್ಕ್ ಸಾಕು; ಒಂದು ಊರಲ್ಲಿ, ಇನ್ನೊಂದು ವಿಜಯಪುರದಲ್ಲೋ ಬೆಂಗಳೂರಿನಲ್ಲೋ ಇರುವ ಮಗನ ಮನೆಯಲ್ಲಿ. ಮೊದಲು ಎಲ್ಲರ ಫೋನು, ಕಾರ್ಡು, ಪೆನ್‌ಡ್ರೈವ್, ಆಲ್ಬಂ ಒಂದು ಕಡೆ ಕೂಡಲಿ. ಕೂಡುವ ಮುನ್ನ ಒಂದನ್ನೂ ಅಳಿಸಬಾರದು. ಕಾಗದದ ಫೋಟೋ ಇದ್ದರೆ ಟ್ಯೂಬ್‌ಲೈಟಿನ ಕೆಳಗೆ ಬೇಡ, ಬೆಳಗಿನ ನೆರಳಿನಲ್ಲಿ ಇಲ್ಲವೆ ಸ್ಕ್ಯಾನರಿನಲ್ಲಿ ತೆಗೆಯಿರಿ, ಹಿಂಬದಿಯನ್ನೂ ತೆಗೆಯಿರಿ, ಮೂಲ ಬಿಸಾಡಬೇಡಿ. ಆಮೇಲೆ ಇಸವಿವಾರು ಹೊಂದಿಸಿ ಟಿವಿಗೆ ಹಚ್ಚಿ, ಆಯಿಯನ್ನು ಎದುರಿಗೆ ಕೂರಿಸಿ, ಪಕ್ಕದ ಫೋನಿನಲ್ಲಿ ಧ್ವನಿ ಮುದ್ರಣಕ್ಕೆ ಇಟ್ಟು ಕೇಳಿ: “ಈ ಕಟ್ಟಿ ಮ್ಯಾಲ ಕುಂತಾಂವ ಯಾರವ್ವ?” ಆಕೆ ಹೆಸರು ಹೇಳುತ್ತಾಳೆ. ಅವನ ಮನೆ ಎಲ್ಲಿತ್ತು, ಯಾವ ಹೊಲ ಮಾಡುತ್ತಿದ್ದ, ಪರಿಹಾರದ ದುಡ್ಡು ಬಂದ ಮೇಲೆ ಎಲ್ಲಿಗೆ ಹೋದ ಎಂದೂ ಹೇಳುತ್ತಾಳೆ. ಅದನ್ನು ಆ ಕ್ಷಣವೇ, ಅಲ್ಲೇ, ಚಿತ್ರದ ಒಳಗೆ ಬರೆಯಿರಿ.